ಸುಣ್ಣದ ಪಾಂಡವರು

ಶಿವರಾಜಪ್ಪ ದೇವರನ್ನೇ ತಿರುಗಿಸಿಬಿಟ್ಟಿದ್ದ.

ಸಾಲಾಗಿ ಕೂತ ಐವರಲ್ಲಿ ನಟ್ಟನಡುವೆ ಇದ್ದವನನ್ನು. ಖಟಕ ಚಿಂಚೋಳಿಯ ಹೊರಗೆ ಶಾಲುಬಾಯಿಯ ಹೊಲದಲ್ಲಿ, ಜೋಳದ ದಂಟು ನಿಲ್ಲಿಸಿ ಕಟ್ಟಿದ ಕೊಂಪಿಯೊಳಗೆ ಅವನು ಮಂಡಿಯೂರಿ ಕೂತಿದ್ದ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹೊಲದ ಪೂಜೆಗೆಂದು ಕಟ್ಟಿದ ಕೊಂಪಿ ಅದು. ಹಬ್ಬ ಮುಗಿದು ವಾರವಾಗಿತ್ತು, ಒಂದು ಮಗ್ಗುಲನ್ನು ಯಾರದೋ ಆಡು ಮೇಯ್ದು ಹೋಗಿತ್ತು. ಒಳಗೆ ಮಾತ್ರ ಐದು ಕಲ್ಲಿನ ಪಾಂಡವರು ಅಲುಗಾಡದೆ ಕೂತಿದ್ದರು. ಮೈತುಂಬ ಸುಣ್ಣ, ಹಣೆಗೆ ಅರಿಶಿನ ಕುಂಕುಮ.

ತಿರುಗಿಸಿದ ಕಲ್ಲಿನ ಬೆನ್ನ ಮೇಲೆ ಕಾವಿಯಲ್ಲಿ ಬರೆದ ಬಾಣದ ಗುರುತಿತ್ತು.

ಅವನು ಪಕ್ಕದ ಕಲ್ಲನ್ನು ತಿರುಗಿಸಿದ. ಅಲ್ಲೂ ಬಾಣ. ಉಳಿದ ಮೂರನ್ನೂ ನೋಡಿದ. ಎಲ್ಲದರ ಬೆನ್ನಿಗೂ ಅದೇ ಕೆಂಪು ಬಾಣ.

ನಡಿಗೆ ಹಬ್ಬದ ದಾರಿಯಿಂದ ಮಾಯವಾದ ಗುರುತಿನ ಕಲ್ಲುಗಳು ಇವೇ. ಭಾಲ್ಕಿಯ ಪೊಲೀಸರು ಇವಕ್ಕಾಗಿ ಹಳ್ಳ ಜಾಲಾಡಿದ್ದರು, ಮುಳ್ಳುಪೊದೆಗಳಿಗೆಲ್ಲ ಕೋಲು ಹಾಕಿ ತಿವಿದಿದ್ದರು. ಇಪ್ಪತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ಈಗ ಬೀದರಿನ ಚೌಬಾರಾದ ಬಳಿ ಖಾಸಗಿ ಪತ್ತೇದಾರನೆಂದು ಬೋರ್ಡು ಹಾಕಿಕೊಂಡಿರುವ ನಮ್ಮ ಶಿವರಾಜಪ್ಪ ಏನು ಮಾಡಿದ್ದ ಗೊತ್ತೇ? ತನಿಖೆಯ ಮೊದಲ ದಿನವೇ ಈ ಕೊಂಪಿಗೆ ಬಂದಿದ್ದ. ಚಪ್ಪಲಿ ಬಿಟ್ಟು, ಸಾಕ್ಷಿಗೆ ಕೈಮುಗಿದು, ಮುಂದಕ್ಕೆ ಹೋಗಿದ್ದ.

ಎಳ್ಳಮಾಸಿಯ ಕೊಂಪಿಯಲ್ಲಿ ಸುಣ್ಣದ ಕಲ್ಲಿದ್ದರೆ ಬೀದರ್ ಸೀಮೆಯಲ್ಲಿ ಹುಟ್ಟಿದವನ ಕಣ್ಣಿಗೆ ಅದು ದೇವರಾಗಿಯೇ ಕಾಣುತ್ತದೆ. ಹೊರಗಿನವನಾಗಿದ್ದರೆ ಅನುಮಾನ ಬರುತ್ತಿತ್ತೇನೋ.

ಆ ಒಂದು ನಮಸ್ಕಾರಕ್ಕೆ, ಹಬ್ಬದಲ್ಲಿ ದಾರಿ ತೋರಿಸುತ್ತಿದ್ದ ಪಂಢರಿ ಲಾಕಪ್ಪಿನೊಳಗೆ ಹೋಗಿದ್ದ.

ಪಂಢರಿಯ ಹೆಸರನ್ನು ಪೊಲೀಸರಿಗೆ ಕೊಟ್ಟವನು ಶಿವರಾಜಪ್ಪನೇ. ಸಾಕ್ಷಿಯ ಮೇಲೆ ಸಾಕ್ಷಿ ಪೇರಿಸಿ, ಬುದ್ಧಿವಂತನ ಹಾಗೆ ಕನ್ನಡಕ ಸರಿಪಡಿಸಿಕೊಂಡು, ಇವನೇ ಎಂದಿದ್ದ.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಹಲಬರ್ಗಾದ ಸ್ಟೇಷನ್ನಿನಲ್ಲಿ ಹೈದರಾಬಾದಿನ ರೈಲಿಗೆ ಹಾಸಿಗೆ ಸುತ್ತಿಕೊಂಡು ಕೂತವರ ಸಾಲು ಕರಗುತ್ತಿರಲಿಲ್ಲ. ಅಂಥ ಕಾಲದಲ್ಲಿ ಹುಟ್ಟಿದ್ದು ಈ ನಡಿಗೆ ಹಬ್ಬ. ಬೀದರಿನ ಕೋಟೆಯಿಂದ ಹೊರಟು ಹಲಬರ್ಗಾ, ಭಾಲ್ಕಿ, ಖಟಕ ಚಿಂಚೋಳಿಯ ಹೊಲಗಳಲ್ಲಿ ನಡೆದು, ಕೊನೆಗೆ ಔರಾದಿನ ಚಿಂತಾಕಿಯಲ್ಲಿ ಮುಗಿಯುವ ಪಯಣ. ಪಟ್ಟಣದವರು ಹಳದಿ ಟೋಪಿ ಹಾಕಿಕೊಂಡು ನಡೆಯುತ್ತಿದ್ದರು, ಹಳ್ಳಿಯವರ ಮನೆಗಳಲ್ಲಿ ಉಂಡು ಮಲಗುತ್ತಿದ್ದರು. ಬೀಗ ಬಿದ್ದ ಮನೆಗಳು ತೆರೆದವು. ಪಂಢರಿಯೂ ಹೈದರಾಬಾದಿನ ಕೆಲಸ ಬಿಟ್ಟು ಬಂದು ದಾರಿ ತೋರಿಸುವವನಾದ, ಅವನ ಹೆಂಡತಿ ಗಿರಿಜಾಬಾಯಿ ರೊಟ್ಟಿಯಂಗಡಿ ಇಟ್ಟಳು.

ಎಳ್ಳಮಾಸಿಯ ದಿನ ನಡೆಯಲು ಬಂದವರಲ್ಲಿ ಹೈದರಾಬಾದಿನ ನರಸಿಂಗರಾವ್ ಎಂಬಾತ ಗುಂಪು ಬಿಟ್ಟು ಒಬ್ಬನೇ ಮುಂದೆ ಹೋದ. ಮರುದಿನ ಬೆಳಿಗ್ಗೆ ಶಾಲುಬಾಯಿಯ ಹೊಲದಾಚೆಯ ಕಟ್ಟೆಯಿಲ್ಲದ ಬತ್ತಿದ ಬಾವಿಯಲ್ಲಿ ಹೆಣವಾಗಿ ಸಿಕ್ಕ. ದಾರಿ ಕವಲೊಡೆಯುವ ಜಾಗದಲ್ಲಿ ಸಾಲಾಗಿ ಇರಬೇಕಾದ ಐದು ಗುರುತಿನ ಕಲ್ಲುಗಳು ಇರಲಿಲ್ಲ.

ಸುಣ್ಣ ಬಳಿದು, ಬಾಣ ಬರೆದು ಆ ಕಲ್ಲುಗಳನ್ನು ಇಟ್ಟವನು ಪಂಢರಿ. ನರಸಿಂಗರಾವ್ ಹಿಂದೆ ಹೈದರಾಬಾದಿನಲ್ಲಿ ಕಟ್ಟಡದ ಗುತ್ತೇದಾರನಾಗಿದ್ದ. ಅವನ ಕಟ್ಟಡದ ಮೇಲಿಂದ ಬಿದ್ದೇ ಪಂಢರಿಯ ಅಣ್ಣ ಸತ್ತಿದ್ದ. ಕಲ್ಲು ಎಲ್ಲಿ ಎಂದು ಕೇಳಿದರೆ ಪಂಢರಿ ಬಾಯಿಗೆ ಬೀಗ ಹಾಕಿಕೊಂಡು ಕೂತುಬಿಟ್ಟ. ಆ ಮೌನವನ್ನೇ ಶಿವರಾಜಪ್ಪ ತಪ್ಪೊಪ್ಪಿಗೆಯೆಂದು ತಿಳಿದ.

ನಿನ್ನೆ ಗಿರಿಜಾಬಾಯಿ ಬೀದರಿಗೆ ಬಂದು ಅವನ ಮೇಜಿನ ಮುಂದೆ ನಿಂತಿದ್ದಳು. ಅಳಲಿಲ್ಲ, ಕೂಡು ಎಂದರೂ ಕೂಡಲಿಲ್ಲ.

"ನನ್ನ ಗಂಡ ಸುಳ್ಳ ಹೇಳಾಂವ ಅಲ್ರಿ ಸಾಹೇಬ್ರ. ಹೇಳಬಾರದ ಮಾತಿದ್ರ ಸುಮ್ಮ ಕೂಡ್ತಾನ. ಯಾರ ಸಲುವಾಗಿ ಸುಮ್ಮ ಕೂತಾನ ಅನ್ನೂದು ಜರಾ ನೋಡ್ರಿ."

ಇಷ್ಟು ಹೇಳಿ ಹೋಗಿದ್ದಳು. ಯಾರ ಸಲುವಾಗಿ? ಹೆಂಡತಿಯನ್ನು ಬಿಟ್ಟರೆ ಪಂಢರಿಗೆ ಊರಲ್ಲಿ ಇನ್ನು ಉಳಿದವಳು ಒಬ್ಬಳೇ, ತಾಯಿ ಸತ್ತ ಮೇಲೆ ಅವನನ್ನು ಸಾಕಿದ ತಾಯಿಯ ತಂಗಿ. ಮಾವಶಿ ಎಂದು ಅವನು ಕರೆಯುವ ಈ ಶಾಲುಬಾಯಿ.

"ಅಯ್ಯ ಅಯ್ಯ! ದೇವರ ಮಾರಿ ಯಾಕ ತಿರುವಿದ್ರಿ ಸಾಹೇಬ್ರ!"

ಶಿವರಾಜಪ್ಪ ಬೆಚ್ಚಿ ತಿರುಗಿದ. ಕೊಂಪಿಯ ಬಾಯಲ್ಲಿ ಶಾಲುಬಾಯಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಕುಡುಗೋಲು, ಸೊಂಟ ಒಂದು ಕಡೆ ವಾಲಿತ್ತು. ಕುಡುಗೋಲನ್ನು ಹೊರಗೇ ಬಿಟ್ಟು ಒಳಗೆ ಬಂದವಳು, ಅವನನ್ನು ಬದಿಗೆ ಸರಿಸಿ, ಒಂದೊಂದೇ ಕಲ್ಲನ್ನು ಎತ್ತಿ ಮುಖ ಮುಂದೆ ಮಾಡಿ ಕೂಡಿಸಿದಳು. ಸೆರಗಿನಿಂದ ಧೂಳು ಒರೆಸಿದಳು.

"ಈ ದೇವರನ್ನ ಎಲ್ಲಿಂದ ತಂದಿ ಅವ್ವಾ?"

"ತರೂದೇನ್ರಿ? ತಾವೇ ಬಂದಿದ್ರು."

"ಎಲ್ಲಿಗಿ?"

"ಬದುವಿನ ಮ್ಯಾಗ. ಆ ಎರಡು ದಾರಿ ಕೂಡ್ತಾವಲ್ಲ, ಅಲ್ಲಿ. ಅಮಾಸಿ ಹಿಂದಿನ ದಿನ ದನಕ್ಕ ಸೊಪ್ಪಿ ತರ್ಲಾಕ ಹೋದಾಗ ನೋಡಿನ್ರಿ. ಸುಣ್ಣ ಹಚ್ಚಿಕೊಂಡು ಐದೂ ಮಂದಿ ಸಾಲಾಗಿ ಕೂತಾರ!"

ಅವಳ ಮುಖದಲ್ಲಿ ಆ ದಿನದ ಬೆರಗು ಇನ್ನೂ ಇತ್ತು. ಶಿವರಾಜಪ್ಪ ಕಣ್ಣು ತಗ್ಗಿಸಿದ.

"ಪಂಢರಿ ಇಟ್ಟಿದ್ದ ಅವನ್ನ."

"ಗೊತ್ತದಲ್ರಿ! ಅವನಲ್ಲದ ಮತ್ಯಾರು ಇಡ್ತಾರ ನನಗ? ಮಕ್ಕಳು ಇಬ್ಬರೂ ಹೈದರಾಬಾದಿಗಿ ಹೋಗ್ಯಾರ. ಈ ಸಲ ಕಲ್ಲು ಆರಿಸಿ ಸುಣ್ಣ ಹಚ್ಚಾವ್ರು ಯಾರೂ ಇಲ್ಲ ಅಂತ ಫಿಕರ್ ಮಾಡ್ಕೊಂತ ಕೂತಿದ್ದೆ. ನಮ್ಮ ಪಂಢರಿ ತಿಳದು ಮಾಡ್ಯಾನ, ಬದುವಿನ ಮ್ಯಾಗ ಇಟ್ಟು ಹೋಗ್ಯಾನ ಅಂದೆ. ಉಡಿಯಾಗ ಹಾಕ್ಕೊಂಡು ಎರಡು ಸಲಕ್ಕ ತಂದಿನ್ರಿ."

"ಬೆನ್ನಿಗಿ ಬಾಣದ ಗುರ್ತು ಇತ್ತಲ್ಲ. ನೋಡಲಿಲ್ಲೇನು?"

"ನೋಡಿದೆ. ಅರ್ಜುನ ಅಂದೆ."

"ಐದಕ್ಕೂ ಇತ್ತಲ್ಲ ಅವ್ವಾ!"

"ಸಾಲಿ ಕಲತ ಹುಡುಗ, ಏನೋ ತಿಳದೇ ಬರದಿರ್ತಾನ ಅಂದೆ. ಪೂಜಿಗಿ ಛಂದ ಕಾಣವಲ್ದಂತ ಹಿಂದಕ ಮಾಡಿ ಕೂಡಿಸಿದೆ."

ಶಿವರಾಜಪ್ಪನಿಗೆ ನಗು ಉಕ್ಕಿ ಬಂತು. ಬಂದಷ್ಟೇ ಬೇಗ ಅದು ಇಂಗಿತು. ಸೇಡು, ಸಂಚು, ಹೊಂಚು ಎಂದು ರಾತ್ರಿಯೆಲ್ಲ ತಲೆಕೆಡಿಸಿಕೊಂಡು ಅವನು ಹೆಣೆದ ಕತೆಯಲ್ಲಿ ಈ ಮುದುಕಿಯ ಉಡಿಗೆ ಜಾಗವೇ ಇರಲಿಲ್ಲ. ಬದುವಿನ ಮೇಲೆ ಬಂದು ಕೂತ ದೇವರನ್ನು ಬಿಸಿಲಲ್ಲಿ ಬಿಡಲಾರದೆ ಮನೆದುಂಬಿಸಿಕೊಂಡ ತಪ್ಪಿಗೆ ಒಬ್ಬ ನಿರಪರಾಧಿ ಲಾಕಪ್ಪಿನಲ್ಲಿದ್ದಾನೆ.

"ಪಂಢರಿ ಈ ಕಲ್ಲು ನೋಡಿದ್ನಾ?"

"ನೋಡಲಾರದ ಏನು? ಅಮಾಸಿ ದಿನ ಟೋಪಿ ಮಂದಿನ್ನೆಲ್ಲ ಊರಾಗ ಬಿಟ್ಟು ಊಟಕ್ಕ ಬಂದಿದ್ದ. ಕೊಂಪಿ ಒಳಗ ಹಣಿಕಿ ಹಾಕಿ ಬಿದ್ದು ಬಿದ್ದು ನಕ್ಕ. ಮಾವಶಿ, ಪಾಂಡವರು ಭಾರಿ ಇದ್ದಾರ, ಅಂದ. ಯಾಕ ನಗ್ತಿ ಅಂದ್ರ ಹೇಳಲಿಲ್ಲ. ಭಜ್ಜಿ ಹಾಕು ಅಂದ."

ಆ ನಗುವನ್ನು ಶಿವರಾಜಪ್ಪ ಮನಸ್ಸಿನಲ್ಲೇ ಕಂಡ. ಆಗಿನ್ನೂ ಸಾವಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಹೆಣ ಮೇಲೆ ಬಂದಾಗ, ಕಲ್ಲು ಕಾಣೆಯಾದ ಮಾತು ಎದ್ದಾಗ, ಪಂಢರಿ ಎಲ್ಲ ಅರ್ಥ ಮಾಡಿಕೊಂಡಿರಬೇಕು. ಮಾವಶಿಯ ಹೆಸರು ಹೇಳುವುದಕ್ಕಿಂತ ತಾನೇ ಒಳಗೆ ಕೂಡುವುದು ಮೇಲು ಎಂದು ಅಲ್ಲೇ ತೀರ್ಮಾನಿಸಿದ್ದಾನೆ. ಅಂಥ ಮನುಷ್ಯನನ್ನು ಕೊಲೆಗಾರ ಎಂದೆನಲ್ಲ ಎಂದು ಶಿವರಾಜಪ್ಪನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

"ಅವ್ವಾ, ಕೂಡು. ಒಂದು ಮಾತು ಹೇಳೂದದ."

"ನಿಂತೇ ಕೇಳ್ತೇನಿ, ಹೇಳ್ರಿ."

"ಪಂಢರಿನ್ನ ಯಾಕ ಹಿಡಕೊಂಡು ಹೋಗ್ಯಾರ, ಗೊತ್ತದೇನು?"

"ಟೋಪಿ ಮನಶ್ಯಾ ಬಾವ್ಯಾಗ ಬಿದ್ದು ಸತ್ತಾನ, ಇವಾ ದಾರಿ ತೋರಿಸಾವ, ಅದಕ್ಕ. ಗಲತಿ ಮಾಡಲಾರದವನಿಗಿ ಎಷ್ಟ ದಿನ ಇಟಗೋತಾರ್ರಿ? ಬಿಡ್ತಾರ."

"ದಾರಿ ಮ್ಯಾಗಿನ ಕಲ್ಲು ಪಂಢರಿನೇ ತಗದಾನ ಅಂತ ಹಿಡದಾರ. ಈ ಕಲ್ಲು ಅವ್ವಾ. ಇವೇ."

ಶಾಲುಬಾಯಿ ಅವನ ಮುಖ ನೋಡಿದಳು, ಆಮೇಲೆ ಕಲ್ಲುಗಳನ್ನು ನೋಡಿದಳು. ಮೆಲ್ಲಗೆ ಕುಸಿದು ನೆಲ ಹಿಡಿದು ಕೂತಳು.

"ಇವು ದೇವರಲ್ಲೇನ್ರಿ?"

ಆ ಪ್ರಶ್ನೆಯನ್ನು ಅವಳು ಕೇಳದಿದ್ದರೆ ಚೆನ್ನಾಗಿತ್ತು ಎಂದು ಶಿವರಾಜಪ್ಪನಿಗೆ ಅನಿಸಿತು.

"ದಾರಿ ಗುರ್ತು. ಅದಿಲ್ಲದ್ದಕ್ಕ ಆ ಮನಶ್ಯಾಗ ದಾರಿ ತಪ್ಪಿ..."

"ನಾ ಕೊಂದೆ ಅನ್ರಿ!" ಮುದುಕಿ ಎದೆಗೆ ಕೈ ಬಡಿದುಕೊಂಡಳು. "ನಾ ಕೊಂದು ನನ್ನ ಕೂಸಿನ ತಲಿಗಿ ಕಟ್ಟೀನಿ. ಯಾರ್ರಿ ಅವಾ? ಯಾವ ತಾಯಿ ಮಗಾ? ಹೆಣ ನೋಡ್ಲಾಕೂ ಹೋಗಲಿಲ್ಲ ನಾನು. ನೋಡಿದ್ರ ನಿದ್ದಿ ಬರೂದಿಲ್ಲಂತ ಬಾಗಲಾ ಹಾಕ್ಕೊಂಡು ಕೂತೆ."

ಶಿವರಾಜಪ್ಪ ಮೊಬೈಲು ತೆಗೆದು ನರಸಿಂಗರಾವ್‌ನ ಫೋಟೊ ತೋರಿಸಿದ. ಹಬ್ಬದ ಮೊದಲ ದಿನ ಬೀದರ್ ಕೋಟೆಯ ಮುಂದೆ ತೆಗೆದದ್ದು. ದಪ್ಪ ಮೀಸೆ, ಹಳದಿ ಟೋಪಿ, ಬಾಯ್ತುಂಬ ನಗು.

ಅವಳು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಅಳು ನಿಂತಿತು.

"ಇವರಾ?"

"ಇವರೇ."

"ಇವರು ಬಾವ್ಯಾಗ ಹ್ಯಾಂಗ ಬಿದ್ರು? ಇವರಿಗಿ ನಾನೇ ಉಣಿಸಿ ಕಳಿಸೀನಲ್ರಿ!"

ಶಿವರಾಜಪ್ಪ ಮೊಬೈಲನ್ನು ಅವಳ ಕೈಯಿಂದ ತೆಗೆದುಕೊಂಡ.

"ಏನಂದಿ?"

"ಅಮಾಸಿ ದಿನ ಹೊಲದಾಗ ಹಾದು ಹೋಗಾವರನ್ನ ಉಪಾಸ ಕಳಿಸ್ತಾರೇನ್ರಿ? ಆ ಕೂಡುದಾರ್ಯಾಗ ನಿಂತು ಆ ಕಡಿ ಈ ಕಡಿ ನೋಡಲಾಕತ್ತಿದ್ರು. ನಾನೇ ಕೂಗಿ ಕರದೆ. ಇಲ್ಲೇ ಕೂತು ರೊಟ್ಟಿ, ಭಜ್ಜಿ ಉಂಡ್ರು. ಅಂಬಲಿ ಎರಡು ಸಲ ಹಾಕಿಸ್ಕೊಂಡ್ರು. ಬಾವಿ ಕಡಿ ಹೋಗಬ್ಯಾಡ್ರಿ ಅಂತ ನಾನೇ ಬೇವಿನ ಗಿಡದ ತನಕಾ ಹೋಗಿ, ಊರಿನ ದಾರಿ ಹಚ್ಚಿ ಕೊಟ್ಟೇನಿ."

ಹೆಣ ಕೊಯ್ದ ಡಾಕ್ಟರು ಹೊಟ್ಟೆಯಲ್ಲಿ ಕಾಳು, ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ ಇತ್ತೆಂದು ಬರೆದಿದ್ದರು. ಶಿವರಾಜಪ್ಪ ಅದನ್ನು ಓದಿ ಪುಟ ಮಗುಚಿದ್ದ. ಎಳ್ಳಮಾಸಿಯ ದಿನ ಬೀದರ್ ಜಿಲ್ಲೆಯಲ್ಲಿ ಭಜ್ಜಿ ತಿನ್ನದ ಹೊಟ್ಟೆ ಯಾವುದಿದೆ! ಅದನ್ನು ಬಡಿಸಿದವರು ಯಾರು ಎಂದು ಕೇಳಬೇಕೆಂದು ಅವನಿಗೆ ತೋಚಿರಲಿಲ್ಲ.

ಅವನು ಕೊಂಪಿಯಿಂದ ಹೊರಗೆ ಬಂದು ನೋಡಿದ. ಬೇವಿನ ಮರ ಮೂಡಲಿಗೆ, ಊರಿನ ದಾರಿಯ ಮೇಲೆ. ಬಾವಿ ಪಡುವಲಿಗೆ, ಮೊಣಕಾಲೆತ್ತರಕ್ಕೇ ಒಣಗಿ ನಿಂತ ಜೋಳದಾಚೆ. ಉಂಡು, ನೀರು ಕುಡಿದು, ಸರಿದಾರಿ ಹಿಡಿದವನು ತಾನಾಗಿ ಹಿಂದಕ್ಕೆ ಬಂದು, ಹೋಗಬೇಡ ಎಂದ ಬಾವಿಗೇ ಯಾಕೆ ಹೋದಾನು?

ಹಾಗಾದರೆ ಕಲ್ಲು ಯಾರನ್ನೂ ಕೊಂದಿಲ್ಲ. ಮುದುಕಿಯ ತಪ್ಪಿಲ್ಲ, ಪಂಢರಿಯ ತಪ್ಪೂ ಇಲ್ಲ. ಶಿವರಾಜಪ್ಪನ ಎದೆ ಒಮ್ಮೆ ಹಗುರಾಯಿತು. ಮರುಕ್ಷಣ ಇನ್ನೊಂದು ಮಾತು ಹೊಳೆಯಿತು. ಕೊಂದವನು ಬೇರೆ ಇದ್ದಾನೆ, ಅವನನ್ನು ಈ ಒಂದು ವಾರ ತಾನೇ ಆರಾಮಾಗಿ ತಿರುಗಾಡಲು ಬಿಟ್ಟಿದ್ದಾನೆ.

"ಬೇವಿನ ಗಿಡದ ತನಕಾ ಬಿಟ್ಟಿ. ಆಮ್ಯಾಲ? ಆಮ್ಯಾಲ ಏನಾಯ್ತು, ಚೆಂದಗಿ ನೆನಪು ಮಾಡ್ಕೊ ಅವ್ವಾ."

"ಆಮ್ಯಾಲ..."

ಹೊಲದ ಅಂಚಿನಿಂದ ಹಾರ್ನು ಕಿರುಚಿತು. ಧೂಳೆಬ್ಬಿಸುತ್ತ ಬಂದ ಬಿಳಿ ಜೀಪು ಬದುವಿನ ಪಕ್ಕ ನಿಂತಿತು. ಇಳಿದವನು ಕಾಶೀರಾಮ. ಭಾಲ್ಕಿಯಲ್ಲಿ ಲಾಡ್ಜು, ಖಾನಾವಳಿ ಇಟ್ಟುಕೊಂಡ ಈತನೇ ನಡಿಗೆ ಹಬ್ಬದ ಕಾರ್ಯದರ್ಶಿ. ಹಬ್ಬದ ಹೆಸರು ಉಳಿಯಬೇಕು, ಬೇಗ ಪತ್ತೆ ಮಾಡಿರಿ ಎಂದು ಶಿವರಾಜಪ್ಪನನ್ನು ಕರೆಸಿದವನೂ, ಪಂಢರಿಯ ಅಣ್ಣ ಸತ್ತ ಕತೆಯನ್ನು ಮೊದಲು ಹೇಳಿದವನೂ ಈತನೇ. ದುರಂತದ ದಿನ ತಾನು ಔರಾದಿನ ಚಿಂತಾಕಿಯಲ್ಲಿದ್ದೆ, ನಡೆದು ಬರುವವರ ಸ್ವಾಗತಕ್ಕೆ ಪೆಂಡಾಲು ಹಾಕಿಸುತ್ತಿದ್ದೆ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದ.

"ಎಲ್ಲಿದ್ದೀರಿ ಶಿವರಾಜಪ್ಪನೋರ! ಫೋನ್ ಹತ್ತವಲ್ದು. ಪಂಢರಿ ಒಪ್ಕೊಂಡಾನ್ರಿ!"

"ಏನಂತ?"

"ಕಲ್ಲು ನಾನೇ ತಗದು ಹಳ್ಳಕ್ಕ ಒಗದೆ, ಅಣ್ಣನ ಸೇಡು ತೀರಿಸ್ಕೊಂಡೆ ಅಂತ. ಮಧ್ಯಾಹ್ನ ಕೋರ್ಟಿಗಿ ಒಯ್ತಾರ. ನಿಮ್ಮ ಅಂದಾಜು ಒಂದು ಕೂದಲೆಳೆ ತಪ್ಪಿಲ್ರಿ. ಪೇಪರಿನವರಿಗಿ ಹೇಳೀನಿ, ನಿಮ್ಮ ಫೋಟೊನೂ ಬರ್ತದ."

ಹಳ್ಳಕ್ಕೆ ಎಸೆದ ಕಲ್ಲುಗಳು ಕೊಂಪಿಯೊಳಗೆ ಕುಂಕುಮ ಇಟ್ಟುಕೊಂಡು ಕೂತಿದ್ದವು.

"ಸುಳ್ಳ ಹೇಳ್ಯಾನ!" ಶಾಲುಬಾಯಿ ಕೊಂಪಿಯಿಂದ ತಡವರಿಸುತ್ತ ಹೊರಬಂದಳು. ಅಳುತ್ತಿದ್ದ ಅವಳಿಗೆ ಎದುರಿಗೆ ಯಾರು ನಿಂತಿದ್ದಾರೆಂಬುದೂ ಬೇಕಿರಲಿಲ್ಲ. "ನನ್ನ ಸಲುವಾಗಿ ಸುಳ್ಳ ಹೇಳ್ಯಾನ್ರಿ! ಕಲ್ಲು ನಾ ತಂದೀನಿ. ನನ್ನ ಅಲ್ಲಿಗಿ ಕರ್ಕೊಂಡು ಹೋಗ್ರಿ. ಅವರ ಮುಂದ ಹೇಳ್ತೇನಿ. ನಡೀರಿ ಸಾಹೇಬ್ರ, ಈಗೇ ನಡೀರಿ!"

ಕೋರ್ಟಿಗೆ ಒಯ್ಯುವ ಮೊದಲು ಅವಳು ಠಾಣೆ ಮುಟ್ಟಬೇಕು. ಶಿವರಾಜಪ್ಪ ಬಂದದ್ದು ಮೋಟಾರ್‌ಸೈಕಲ್ ಮೇಲೆ. ಸೊಂಟ ವಾಲಿದ ಮುದುಕಿಯನ್ನು ಅದರ ಮೇಲೆ ಕೂಡಿಸುವಂತಿಲ್ಲ. ಅವನಿಗೆ ಬೇರೇನೂ ಕಾಣಲಿಲ್ಲ. ಪಂಢರಿಯ ಮುಂದೆ ಹೋಗಿ ನಿಲ್ಲಬೇಕು, ತಪ್ಪಾಯಿತು ಎನ್ನಬೇಕು, ಆ ಹುಡುಗನನ್ನು ಸಂಜೆಯೊಳಗೆ ಗಿರಿಜಾಬಾಯಿಯ ಮನೆಗೆ ಮುಟ್ಟಿಸಬೇಕು. ಈ ಒಂದು ಆತುರ ಅವನ ತಲೆಯಲ್ಲಿದ್ದ ಪೊಲೀಸನನ್ನು ಪೂರಾ ಮಲಗಿಸಿಬಿಟ್ಟಿತ್ತು.

"ಶೇಟ, ಪಂಢರಿ ಬೇಗುನಾ ಇದ್ದಾನ, ಅವಂದೇನೂ ತಪ್ಪಿಲ್ಲ. ಕಲ್ಲು ಎಲ್ಲಾ ಇಲ್ಲೇ ಅವ. ಈ ಅವ್ವ ಪೂಜಿಗಿ ತಂದಾಳ. ನಿಮ್ಮ ಗಾಡ್ಯಾಗ ಜಲ್ದಿ ಭಾಲ್ಕಿ ಠಾಣಾಕ್ಕ ಮುಟ್ಟಿಸ್ರಿ. ನಾ ಕಲ್ಲು ಚೀಲದಾಗ ಹಾಕ್ಕೊಂಡು ಬೆನ್ನ ಹಿಂದೇ ಬರ್ತೇನಿ."

ಕಾಶೀರಾಮ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ಈ ಮುದುಕಿ ಅಷ್ಟೇ ಹೇಳ್ಯಾಳೇನು? ಮತ್ತೇನರ ಹೇಳ್ಯಾಳ?"

"ಇನ್ನೂ ಭಾಳ ಹೇಳೂದದ ಅಕಿಗಿ. ಅಲ್ಲೇ ಹೇಳ್ತಾಳ. ತಡಾ ಮಾಡಬ್ಯಾಡ್ರಿ."

"ಆಯ್ತು," ಎಂದ ಕಾಶೀರಾಮ. "ಬಾ ಅವ್ವಾ, ಹತ್ತು."

ಶಿವರಾಜಪ್ಪನೇ ಅವಳ ರಟ್ಟೆ ಹಿಡಿದು ಹತ್ತಿಸಿದ. ಸೆರಗು ಬಾಗಿಲಿಗೆ ಸಿಗದ ಹಾಗೆ ಒಳಗೆ ಸರಿಸಿದ. ನೀರಿನ ಬಾಟಲಿ ಅವಳ ಕೈಗೆ ಕೊಟ್ಟ. ಬಾಗಿಲನ್ನು ತಾನೇ ಎಳೆದು ಭದ್ರವಾಗಿ ಹಾಕಿದ. ಆಮೇಲೆ ಓಡಿ ಕೊಂಪಿಯೊಳಗೆ ಹೋಗಿ ಕಲ್ಲು ಎತ್ತತೊಡಗಿದ. ಎರಡನ್ನು ಎದೆಗವಚಿಕೊಂಡು ಹೊರಬರುವಷ್ಟರಲ್ಲಿ ಜೀಪು ಗರ್ರೆನ್ನುತ್ತ ತಿರುಗಿ ಹೊರಟಿತ್ತು.

ಕಿಟಕಿಯಿಂದ ಶಾಲುಬಾಯಿ ತಲೆ ಹೊರಗೆ ಹಾಕಿದಳು. ಒಳಗಿನ ಸೀಟನ್ನು, ಮುಂದೆ ಕೂತವನನ್ನು ಅವಳು ಈಗಷ್ಟೇ ಹತ್ತಿರದಿಂದ ನೋಡಿದ್ದಳು. ಏನೋ ನೆನಪಾದ ಖುಷಿಗೆ, ಇಂಜಿನ್ನಿನ ಸದ್ದನ್ನೂ ಮೀರಿ ಕೂಗಿದಳು.

"ಸಾಹೇಬ್ರ! ಆಮ್ಯಾಲ ಏನಾಯ್ತು ಅಂತ ಕೇಳಿದ್ರಲ್ಲ! ಆಮ್ಯಾಲ ಈ ಶೇಟೇ ಬಂದ್ರು ನೋಡ್ರಿ. ಬೇವಿನ ಗಿಡದ ಬುಡಕ. ಇದೇ ಗಾಡ್ಯಾಗ ಕೂಡಿಸ್ಕೊಂಡು ಹೋದ್ರು ಅವರನ್ನ!"

ಕಾಶೀರಾಮನ ಕೈ ಹಿಂದಕ್ಕೆ ಚಾಚಿ ಅವಳನ್ನು ಒಳಗೆಳೆಯಿತು. ಕಿಟಕಿಯ ಗಾಜು ಏರಿತು.

ಶಿವರಾಜಪ್ಪ ಕಲ್ಲು ಕೈಬಿಟ್ಟು ಓಡಿದ. ಬಾಯಿ ಕೂಗುತ್ತಿತ್ತು, ಏನು ಕೂಗುತ್ತಿದೆಯೆಂದು ಅವನಿಗೇ ತಿಳಿಯಲಿಲ್ಲ. ಒಬ್ಬನನ್ನು ಬಾಯಿಮಾತಿನಿಂದ ಜೈಲಿಗೆ ಹಾಕಿದ್ದು ಸಾಲದೆ, ಅವನನ್ನು ಬಿಡಿಸಬಲ್ಲ ಒಂದೇ ಒಂದು ಜೀವವನ್ನು ತನ್ನ ಕೈಯಿಂದಲೇ ಎತ್ತಿ ಕೊಲೆಗಾರನ ಗಾಡಿಗೆ ಹಾಕಿದ್ದ.

ಜೀಪು ಹೊಲದ ದಾರಿ ದಾಟಿ ಡಾಂಬರು ರಸ್ತೆ ಹತ್ತಿತು. ಭಾಲ್ಕಿಗೆ ಹೋಗುವವರು ಅಲ್ಲಿ ಎಡಕ್ಕೆ ಹೊರಳುತ್ತಾರೆ. ಜೀಪು ಬಲಕ್ಕೆ ಹೊರಳಿತು.